ತಲೆ ಸುತ್ತಿದರೆ ಕಿವಿಯನ್ನು ವಿಚಾರಿಸಿ

ಮಾತು ಶುರು ಮಾಡುವ ಮೊದಲು ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಗಾಡಿ ಓಡಿಸುತ್ತ ಕೇಳುತ್ತಿರುವವರಿಗೂ ಒಲೆಯ ಮೇಲೆ ಎಣ್ಣೆ ಕಾಯಲು ಇಟ್ಟವರಿಗೂ ಇದು ಬೇಡ. ಉಳಿದವರು ಬಲಗೈಯನ್ನು ಮುಖದ ಮುಂದೆ ಒಂದು ಮೊಳ ದೂರದಲ್ಲಿ ಹಿಡಿದು ಅಂಗೈಯ ಗೆರೆಗಳನ್ನು ನೋಡಿ. ತಲೆಯನ್ನು ಅಲುಗಿಸದೆ, ಕೈಯನ್ನು ಮಾತ್ರ ಎಡಕ್ಕೂ ಬಲಕ್ಕೂ ಬೇಗಬೇಗ ಆಡಿಸಿ. ಗೆರೆಗಳು ಕಲಸಿಹೋದವಲ್ಲವೆ? ಈಗ ಕೈಯನ್ನು ನಿಲ್ಲಿಸಿ, ಅಷ್ಟೇ ವೇಗದಲ್ಲಿ ತಲೆಯನ್ನು ಆಡಿಸಿ. ಬಡಿಸುವವರಿಗೆ ‘ಸಾಕು, ಸಾಕು’ ಎಂದು ತಲೆ ಆಡಿಸುತ್ತೇವಲ್ಲ, ಹಾಗೆ. ಈ ಸಲ ಗೆರೆಗಳು ಇದ್ದಲ್ಲೇ ಇದ್ದು ಚೆನ್ನಾಗಿ ಕಾಣುತ್ತವೆ.

ಎರಡು ಸಲವೂ ಕಣ್ಣಿಗೆ ಬಿದ್ದ ಓಡಾಟ ಹೆಚ್ಚುಕಡಿಮೆ ಒಂದೇ. ಎರಡನೆಯ ಸಲ ಕಣ್ಣಿನ ನೆರವಿಗೆ ಬಂದದ್ದು ಕಿವಿ. ತಲೆ ಯಾವ ಕಡೆಗೆ, ಎಷ್ಟು ವೇಗವಾಗಿ ತಿರುಗಿತು ಎನ್ನುವ ಲೆಕ್ಕವನ್ನು ಒಳಗಿವಿ ಮಿದುಳಿಗೆ ಮುಟ್ಟಿಸುತ್ತದೆ. ಮಿದುಳು ಕಣ್ಣಿನ ಸ್ನಾಯುಗಳಿಗೆ ಅಪ್ಪಣೆ ಕೊಡುತ್ತದೆ. ತಲೆ ಬಲಕ್ಕೆ ಹೋದಷ್ಟೇ ಕಣ್ಣುಗುಡ್ಡೆ ಎಡಕ್ಕೆ ಸರಿಯುತ್ತದೆ. ಇಷ್ಟೆಲ್ಲ ಆಗುವುದು ಒಂದು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ. ಈ ಏರ್ಪಾಡು ಎರಡೂ ಕಿವಿಗಳಲ್ಲಿ ಕೆಟ್ಟವರಿಗೆ ನಡೆದು ಹೋಗುವಾಗ ಎದುರಿನ ಅಂಗಡಿಯ ಬೋರ್ಡು ಕುಣಿಯುತ್ತಿರುವಂತೆ ಕಾಣುತ್ತದೆ. ಅದನ್ನು ಓದಬೇಕಾದರೆ ನಿಂತುಕೊಳ್ಳಬೇಕು.

ಕಿವಿಯೆಂದರೆ ಕೇಳುವುದಕ್ಕೆ ಎಂದು ಶಾಲೆಯಲ್ಲಿ ಕಲಿತವರು ನಾವು. ಕಿವಿ ಮಂದವಾದರೆ ಕಿವಿ ಡಾಕ್ಟರ ಬಳಿಗೆ ಹೋಗಬೇಕೆಂದು ನಮಗೆ ಗೊತ್ತು. ತಲೆ ಸುತ್ತಿದರೆ? ಅದಕ್ಕೆ ಪಿತ್ತವಿದೆ, ಬಿ.ಪಿ. ಇದೆ, ನಿಶ್ಶಕ್ತಿಯಿದೆ, ಕುತ್ತಿಗೆ ಮೂಳೆಯ ಸವೆತವಿದೆ, ಕೊನೆಗೆ ಕಣ್ಣುದೃಷ್ಟಿಯೂ ಇದೆ. ಕಿವಿಯ ಹೆಸರು ಬರುವುದು ಇವೆಲ್ಲ ಮುಗಿದ ಮೇಲೆ. ಈ ಸರದಿ ಬದಲಾಗಬೇಕು ಎನ್ನುವುದಷ್ಟೇ ಈ ಹೊತ್ತಿನ ನನ್ನ ಮಾತು.

ಒಳಗಿವಿ ಇರುವುದು ಕಿವಿಯ ಹಾಲೆಯಿಂದ ತುಸು ಒಳಗೆ, ತಲೆಬುರುಡೆಯ ಅತ್ಯಂತ ಗಟ್ಟಿಯಾದ ಮೂಳೆಯ ನಡುವೆ. ಶಂಖದಂತೆ ಸುರುಳಿ ಸುತ್ತಿಕೊಂಡ ಭಾಗ ಶಬ್ದಕ್ಕೆ. ಅದಕ್ಕೆ ಅಂಟಿಕೊಂಡೇ ಅರ್ಧಚಂದ್ರಾಕಾರದ ಮೂರು ನಳಿಕೆಗಳಿವೆ. ಗಾರೆ ಕೆಲಸದವರು ಗೋಡೆಯ ಮೇಲಿಟ್ಟು ನೋಡುವ ರಸಮಟ್ಟದ ಒಳಗಿನಂತೆ ಇವುಗಳಲ್ಲೂ ದ್ರವ ತುಂಬಿದೆ. ಒಂದಕ್ಕೊಂದು ಲಂಬವಾಗಿ ನಿಂತಿರುವುದರಿಂದ ತಲೆಯನ್ನು ನೀವು ಹೇಗೆ ತಿರುಗಿಸಿದರೂ ಒಂದಲ್ಲ ಒಂದು ನಳಿಕೆಯಲ್ಲಿ ದ್ರವ ಹರಿದು, ಅಲ್ಲಿರುವ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ. ಚಿಕ್ಕಂದಿನಲ್ಲಿ ಅಪ್ಪಾಲೆ ತಿಪ್ಪಾಲೆ ಆಡಿ ನಿಂತ ಮೇಲೂ ಅಂಗಳ ತಿರುಗುತ್ತಲೇ ಇರುತ್ತಿತ್ತಲ್ಲ, ಅದರ ಕಾರಣ ಇಲ್ಲಿದೆ: ನೀವು ನಿಂತಿರಿ, ಒಳಗಿನ ದ್ರವ ಇನ್ನೂ ನಿಂತಿರಲಿಲ್ಲ. ನಳಿಕೆಗಳ ಬುಡದಲ್ಲಿ ಎರಡು ಪುಟ್ಟ ಚೀಲಗಳಿವೆ. ಅವುಗಳೊಳಗಿನ ಲೋಳೆಯ ಪದರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಕೂತಿರುತ್ತವೆ. ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಇಲ್ಲೂ ಇರುವುದು. ಬಸ್ಸು ಹೊರಟಿತು, ಲಿಫ್ಟು ಮೇಲೇರಿತು, ತಲೆ ಒಂದು ಕಡೆ ವಾಲಿತು ಎನ್ನುವುದನ್ನೆಲ್ಲ ಈ ಹರಳುಗಳ ಭಾರ ತಿಳಿಸುತ್ತದೆ. ಕಥೆಯಲ್ಲಿ ಇವು ಮತ್ತೆ ಬರುತ್ತವೆ, ನೆನಪಿಟ್ಟುಕೊಳ್ಳಿ.

ಚಾರ್ಮಾಡಿ ಘಾಟಿಯಲ್ಲೋ ಆಗುಂಬೆ ಘಾಟಿಯಲ್ಲೋ ನಿಂಬೆಹಣ್ಣು ಮೂಸುತ್ತ ಕೂತವರಿಗೆ ಈ ಅಂಗದ ಪರಿಚಯ ಚೆನ್ನಾಗಿಯೇ ಇದೆ. ಮೊಬೈಲು ನೋಡುತ್ತಿರುವ ಕಣ್ಣು ‘ನಾವು ಕೂತಲ್ಲೇ ಇದ್ದೇವೆ’ ಎನ್ನುತ್ತದೆ, ಕಿವಿ ‘ಇಲ್ಲ, ತಿರುಗುತ್ತಿದ್ದೇವೆ’ ಎನ್ನುತ್ತದೆ. ಸಾಕ್ಷಿಗಳ ಮಾತು ತಾಳೆಯಾಗದೆ ಹೊಟ್ಟೆ ತೊಳೆಸುತ್ತದೆ. ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆಯನ್ನು ನೋಡಿ ಎಂದು ಹೇಳುವುದು ಅದಕ್ಕಾಗಿಯೇ. ಆಗ ಕಣ್ಣೂ ಕಿವಿಯ ಪಕ್ಷಕ್ಕೆ ಬರುತ್ತದೆ.

ಇದಕ್ಕೆ ಒಂದು ಸೊಗಸಾದ ಪುರಾವೆಯಿದೆ. 1950ರ ದಶಕದ ಕೊನೆಯಲ್ಲಿ, ಮನುಷ್ಯನನ್ನು ಅಂತರಿಕ್ಷಕ್ಕೆ ಕಳಿಸುವ ಸಿದ್ಧತೆಯಲ್ಲಿದ್ದ ಅಮೆರಿಕದವರು ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಿಂದ 11 ಮಂದಿ ಕಿವುಡ ಗಂಡಸರನ್ನು ಪ್ರಯೋಗಕ್ಕೆ ಆರಿಸಿಕೊಂಡರು. ಅವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಚಿಕ್ಕಂದಿನಲ್ಲಿ ಮಿದುಳುಪೊರೆಯ ಉರಿಯೂತ ಬಂದು ಕಿವಿ ಕಳೆದುಕೊಂಡವರು. ಆ ಜ್ವರ ಕೇಳುವ ಭಾಗದ ಜೊತೆಗೆ ಸಮತೋಲದ ಭಾಗವನ್ನೂ ಸುಟ್ಟಿತ್ತು. ದಿನಗಟ್ಟಲೆ ತಿರುಗುತ್ತಲೇ ಇರುವ ಕೋಣೆಯಲ್ಲಿ ಅವರನ್ನು ಇರಿಸಿದರು. ವಿಮಾನದಲ್ಲಿ ಮೇಲೆ ಕೆಳಗೆ ಹಾರಿಸಿದರು. ಯಾರಿಗೂ ಏನೂ ಆಗಲಿಲ್ಲ. ಕೆನಡಾದ ನೋವಾ ಸ್ಕೋಶಿಯಾದ ಕರಾವಳಿಯಲ್ಲಿ, ಚಳಿಗಾಲದ ಅಬ್ಬರದ ಸಮುದ್ರಕ್ಕೆ ದೋಣಿಯಲ್ಲಿ ಕರೆದುಕೊಂಡು ಹೋದಾಗ ಇವರು ನೆಮ್ಮದಿಯಾಗಿ ಇಸ್ಪೀಟು ಆಡುತ್ತಿದ್ದರು. ಪರೀಕ್ಷೆ ಮಾಡಬೇಕಾದ ವಿಜ್ಞಾನಿಗಳೇ ವಾಂತಿ ತಾಳಲಾರದೆ ಪ್ರಯೋಗ ನಿಲ್ಲಿಸಬೇಕಾಯಿತು. ಒಳಗಿವಿ ಇಲ್ಲದವನಿಗೆ ಕಡಲ ತಲೆಸುತ್ತೂ ಇಲ್ಲ.

ಕಿವಿಗೂ ತಲೆಸುತ್ತಿಗೂ ನಂಟಿದೆ ಎನ್ನುವುದನ್ನು ವೈದ್ಯರೇ ಒಪ್ಪಿಕೊಂಡದ್ದು ತಡವಾಗಿ. 1820ರ ದಶಕದಲ್ಲಿ ಫ್ರಾನ್ಸಿನ ಫ್ಲೋರಾನ್ಸ್ ಎಂಬಾತ ಪಾರಿವಾಳಗಳ ಕಿವಿಯ ಈ ನಳಿಕೆಗಳನ್ನು ಕತ್ತರಿಸಿ ನೋಡಿದ್ದ. ಹಕ್ಕಿಗಳು ಕಿವುಡಾಗಲಿಲ್ಲ, ಗಿರಕಿ ಹೊಡೆಯತೊಡಗಿದವು. ಆದರೆ ಮನುಷ್ಯರ ತಲೆಸುತ್ತೆಲ್ಲ ಮಿದುಳಿಗೆ ರಕ್ತ ನುಗ್ಗಿದ್ದರಿಂದ ಬರುವುದು ಎಂದೇ ಆಗಿನವರ ನಂಬಿಕೆ. ಅದಕ್ಕೆ ಜಿಗಣೆ ಹಚ್ಚಿ ರಕ್ತ ತೆಗೆಯುವ ಚಿಕಿತ್ಸೆ. ಪ್ಯಾರಿಸ್ಸಿನ ಕಿವುಡ ಮೂಕರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೇ 1861ರ ಜನವರಿಯಲ್ಲಿ ವೈದ್ಯ ಅಕಾಡೆಮಿಯ ಮುಂದೆ ನಿಂತು, ಕಿವಿ ಮಂದ, ಕಿವಿಯಲ್ಲಿ ಮೊರೆತ, ತಲೆಸುತ್ತು ಮೂರೂ ಒಟ್ಟಿಗೆ ಬರುವವರಲ್ಲಿ ಕೆಟ್ಟಿರುವುದು ಮಿದುಳಲ್ಲ, ಒಳಗಿವಿ ಎಂದ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಮರುವರ್ಷ ಆತ ತೀರಿಕೊಂಡ. ಕಾಯಿಲೆಗೆ ಅವನ ಹೆಸರು ಆಮೇಲೆ ಬಂತು.

ನನಗೆ ಹೆಚ್ಚು ಇಷ್ಟವಾಗುವುದು ವಿಯೆನ್ನಾದ ರಾಬರ್ಟ್ ಬಾರಾನಿಯ ಕಥೆ. ಅವನು ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುವಾಗ ಎಷ್ಟೋ ಮಂದಿ ತಲೆಸುತ್ತು ಎನ್ನುತ್ತಿದ್ದರು; ಅವರ ಕಣ್ಣುಗುಡ್ಡೆಗಳು ಒಂದೇ ಸಮನೆ ಒಂದು ಪಕ್ಕಕ್ಕೆ ಎಳೆದೆಳೆದು ಓಡುವುದನ್ನೂ ಅವನು ಕಂಡ. ಒಬ್ಬ ರೋಗಿ ಮಾತಿನ ನಡುವೆ, ನೀರು ತಣ್ಣಗಿದ್ದರಷ್ಟೇ ನನಗೆ ಹೀಗಾಗುವುದು ಎಂದ. ಸರಿ ಎಂದು ಬೆಚ್ಚಗೆ ಮಾಡಿಸಿದರೆ ನೀರು ತುಸು ಹೆಚ್ಚೇ ಬಿಸಿಯಾಯಿತು. ಮತ್ತೆ ತಲೆಸುತ್ತು, ಆದರೆ ಕಣ್ಣುಗುಡ್ಡೆಗಳು ಓಡಿದ್ದು ಎದುರು ದಿಕ್ಕಿಗೆ! ಮೈಯ ಶಾಖಕ್ಕೆ ಸರಿಹೊಂದುವ ನೀರಿನಲ್ಲಿ ಏನೂ ಆಗುವುದಿಲ್ಲ. ಕಾವಿನ ವ್ಯತ್ಯಾಸಕ್ಕೆ ನಳಿಕೆಯ ದ್ರವ ಏಳುವುದೋ ಇಳಿಯುವುದೋ ಆಗುತ್ತದೆ ಎಂದು ಅವನು ಊಹಿಸಿದ. ಒಂದೊಂದು ಕಿವಿಯ ಸಮತೋಲವನ್ನು ಬೇರೆಬೇರೆಯಾಗಿ ಅಳೆಯುವ ಪರೀಕ್ಷೆ ಹುಟ್ಟಿದ್ದು ಹೀಗೆ, ಇಂದಿಗೂ ಅದನ್ನು ಮಾಡುತ್ತೇವೆ. (1983ರಲ್ಲಿ ಅಂತರಿಕ್ಷದಲ್ಲಿ ಪರೀಕ್ಷಿಸಿದಾಗ, ಏಳುವುದು ಇಳಿಯುವುದು ಎಂಬುದೇ ಇಲ್ಲದ ಕಡೆಯೂ ಕಣ್ಣು ಓಡಿತು. ಬಾರಾನಿಯ ವಿವರಣೆ ಪೂರ್ತಿ ಸಾಲದು ಎಂದಾಯಿತು. ಪರೀಕ್ಷೆಗೇನೂ ಕುಂದಿಲ್ಲ.) 1914ರ ನೊಬೆಲ್ ಬಹುಮಾನ ಅವನಿಗೆ ಬಂದಾಗ ಆತ ರಷ್ಯದ ಸೆರೆಯಲ್ಲಿದ್ದ ಯುದ್ಧಕೈದಿ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ಮಧ್ಯೆ ಪ್ರವೇಶಿಸಿದ ಮೇಲೆ 1916ರಲ್ಲಿ ಬಿಡುಗಡೆಯಾಯಿತು.

ಕಿವಿಗೆ ಗುಗ್ಗೆ ಕಟ್ಟಿದೆ ಎಂದು ಮನೆಯಲ್ಲೇ ತಣ್ಣೀರು ಬಿಟ್ಟುಕೊಳ್ಳುವವರು ಬಾರಾನಿಯ ಪರೀಕ್ಷೆಯನ್ನು ತಮ್ಮ ಮೇಲೆ ತಾವೇ ಮಾಡಿಕೊಳ್ಳುತ್ತಿದ್ದಾರೆ ಎಂದು ತಿಳಿಯಲಿ.

ಈಗ ನಮ್ಮ ಮನೆಗಳಿಗೆ ಬರೋಣ. ತಲೆಸುತ್ತು ಬಂದವರು ಮೊದಲು ಹೇಳುವುದು ಪಿತ್ತ ನೆತ್ತಿಗೇರಿದೆ ಎಂದು. ಜೀರಿಗೆ ಕಷಾಯ, ನಿಂಬೆಹಣ್ಣಿನ ಪಾನಕ ಆಗುತ್ತದೆ. ಕೆಡುಕೇನಿಲ್ಲ. ಅದಕ್ಕೂ ಬಗ್ಗದಿದ್ದರೆ ಬಿ.ಪಿ. ನೋಡಿಸುವುದು. ಮನೆಯೆಲ್ಲ ತಿರುಗಿ, ವಾಂತಿಯಾಗಿ, ಹೆದರಿ ಕೂತ ಮನುಷ್ಯನ ಬಿ.ಪಿ. ಆ ಹೊತ್ತಿನಲ್ಲಿ ಏರಿರದೆ ಇನ್ನೇನಾದೀತು? ಹೆದರಿಕೆಯಿಂದ ಏರಿದ್ದನ್ನೇ ಕಾರಣವೆಂದು ತಿಳಿದು ಮಾತ್ರೆ ಶುರುವಾಗುತ್ತದೆ. ಮೂರನೆಯದು ಕುತ್ತಿಗೆ. ಐವತ್ತೈದು ಅರವತ್ತು ದಾಟಿದ ಬಹುಪಾಲು ಜನರ ಕುತ್ತಿಗೆಯ ಎಕ್ಸ್‌ರೇಯಲ್ಲಿ ಮೂಳೆ ಸವೆದದ್ದು ಒಂದಿಷ್ಟು ಕಂಡೇ ಕಾಣುತ್ತದೆ, ತಲೆ ಸುತ್ತಲಿ, ಸುತ್ತದಿರಲಿ. ಕುತ್ತಿಗೆಗೆ ಪಟ್ಟಿ ಬೀಳುತ್ತದೆ. ಪಟ್ಟಿ ಹಾಕಿದವರು ತಲೆಯನ್ನು ಹೆಚ್ಚು ಆಡಿಸುವುದಿಲ್ಲ. ಆಡಿಸದಿದ್ದರೆ ಕಿವಿಯಿಂದ ಬರುವ ಸುತ್ತೂ ಕಡಿಮೆಯಾಗುತ್ತದೆ. ಹೀಗಾಗಿ ತಪ್ಪು ಚಿಕಿತ್ಸೆಗೇ ಗುಣದ ಹೆಸರು ಬರುತ್ತದೆ!

ನನ್ನ ಬಳಿಗೆ ಬರುವ ಹಿರಿಯ ಹೆಂಗಸರಲ್ಲಿ ಬಹಳ ಮಂದಿಯ ಮಾತು ಹೀಗಿರುತ್ತದೆ.

“ರಾತ್ರಿ ಮಗ್ಗುಲು ಬದಲಾಯಿಸಿದ್ರೆ ಮನೆ ತೊಲೆಯೆಲ್ಲ ಗಿರ್ರಂತ ತಿರುಗುತ್ತೆ ಡಾಕ್ಟ್ರೆ. ಮಂಚ ಗಟ್ಟಿಯಾಗಿ ಹಿಡ್ಕೊಂಬಿಡ್ತೀನಿ.”

“ಎಷ್ಟು ಹೊತ್ತಿರುತ್ತಮ್ಮ?”

“ಅರ್ಧ ಗಂಟೆ ಅಂತೂ ಆಗುತ್ತಪ್ಪ.”

ಅವರು ಸುಳ್ಳು ಹೇಳುತ್ತಿಲ್ಲ, ಅಂಥ ಗಳಿಗೆ ಅಷ್ಟು ಉದ್ದವಾಗಿಯೇ ಇರುತ್ತದೆ. ಮುಂದಿನ ಸಲ ಬಂದಾಗ ಒಂದು, ಎರಡು ಎಂದು ಎಣಿಸಿ ಎಂದು ಹೇಳಿ ಕಳಿಸಿದರೆ, ಇಪ್ಪತ್ತೈದು ಮೂವತ್ತಕ್ಕೇ ನಿಂತುಹೋಯ್ತು ಎಂದು ಆಶ್ಚರ್ಯದಿಂದ ಬರುತ್ತಾರೆ. ರೋಗ ಗುರುತಿಸುವುದಕ್ಕೆ ಯಾವ ಸ್ಕ್ಯಾನಿಗಿಂತಲೂ ಹೆಚ್ಚು ನೆರವಾಗುವುದು ಈ ಎಣಿಕೆ. ಮಲಗುವಾಗ, ಏಳುವಾಗ, ಹಾಸಿಗೆಯಲ್ಲಿ ಹೊರಳುವಾಗ, ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗೆ ಕತ್ತೆತ್ತಿ ಕೈಚಾಚುವಾಗ ಬಂದು, ಒಂದು ನಿಮಿಷದೊಳಗೆ ನಿಲ್ಲುವ ಸುತ್ತು, ಆಗ ಕಿವಿಯಲ್ಲಿ ಮೊರೆತವಾಗಲಿ ಕಿವುಡಾಗಲಿ ಇಲ್ಲ: ಇಷ್ಟು ಹೊಂದಿದರೆ ಅದು ಬಹುತೇಕ ಹರಳಿನ ಕೆಲಸ. ವೈದ್ಯರು ಇದನ್ನು ಬಿ.ಪಿ.ಪಿ.ವಿ. ಎನ್ನುತ್ತಾರೆ. ಚೀಟಿಯಲ್ಲಿ ಮೊದಲೆರಡು ಅಕ್ಷರ ನೋಡಿ ರಕ್ತದೊತ್ತಡವೆಂದೇ ತಿಳಿದು ಉಪ್ಪು ಬಿಟ್ಟವರೂ ಇದ್ದಾರೆ.

ಆಗುವುದಿಷ್ಟು. ಚೀಲದ ಲೋಳೆಯ ಮೇಲೆ ಕೂತಿರಬೇಕಾದ ಹರಳುಗಳಲ್ಲಿ ಕೆಲವು ಕಿತ್ತುಬಂದು ನಳಿಕೆಯೊಳಗೆ, ಹೆಚ್ಚಾಗಿ ಹಿಂಬದಿಯ ನಳಿಕೆಯೊಳಗೆ, ಸೇರಿಕೊಳ್ಳುತ್ತವೆ. ತಲೆ ಓರೆಯಾದಾಗ ಅವು ಉರುಳುತ್ತವೆ, ದ್ರವವನ್ನು ಎಳೆಯುತ್ತವೆ. ಮಲಗಿದವರ ಮಿದುಳಿಗೆ ‘ನೀನು ತಿರುಗುತ್ತಿದ್ದೀಯೆ’ ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಹರಳು ತಳ ಸೇರಿತೆಂದರೆ ಸುತ್ತು ನಿಂತಿತು. ವಯಸ್ಸಾದಂತೆ ಇದು ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ತಲೆಗೆ ಪೆಟ್ಟು ಬಿದ್ದ ಮೇಲೂ ಬರುತ್ತದೆ. ಮೂಳೆ ಟೊಳ್ಳಾಗಿರುವವರಲ್ಲೂ ಡಿ ಜೀವಸತ್ವ ಕಡಿಮೆ ಇರುವವರಲ್ಲೂ ಹೆಚ್ಚಾಗಿ ಕಾಣುತ್ತದೆ. ಡಿ ಜೀವಸತ್ವ ಕಡಿಮೆಯಿದ್ದವರಿಗೆ ಅದನ್ನೂ ಕ್ಯಾಲ್ಸಿಯಂ ಅನ್ನೂ ಕೊಟ್ಟು ನೋಡಿದಾಗ ಇದು ಮರುಕಳಿಸುವುದು ತಗ್ಗಿತೆಂದು ಕೊರಿಯದ ವೈದ್ಯರು 2020ರಲ್ಲಿ ಪ್ರಕಟಿಸಿದ್ದಾರೆ.

ಇದನ್ನು ಮೊದಲು ಬರೆದಿಟ್ಟವನೂ ಬಾರಾನಿಯೇ, 1921ರಲ್ಲಿ. ಮಲಗಿಸಿ ಕಣ್ಣು ನೋಡಿ ಗುರುತಿಸುವ ಕ್ರಮವನ್ನು ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ 1952ರಲ್ಲಿ ಪ್ರಕಟಿಸಿದರು. ಆದರೆ ಗುಣಪಡಿಸುವುದು ಹೇಗೆ? ಅಮೆರಿಕದ ಪೋರ್ಟ್‌ಲ್ಯಾಂಡಿನ ಕಿವಿ ವೈದ್ಯ ಜಾನ್ ಎಪ್ಲಿಯ ಯೋಚನೆ ತೀರ ಸರಳವಾದದ್ದು. ಹರಳು ನಳಿಕೆಯೊಳಗೆ ಉರುಳಿ ಬಂದಿದೆ ಎಂದಾದರೆ, ತಲೆಯನ್ನು ಸರಿಯಾದ ಕ್ರಮದಲ್ಲಿ ತಿರುಗಿಸಿ ಅದನ್ನು ಬಂದ ದಾರಿಯಲ್ಲೇ ಹೊರಗೆ ಉರುಳಿಸಬಾರದೇಕೆ? 1980ರಲ್ಲಿ ವೈದ್ಯರ ಸಭೆಯಲ್ಲಿ ಮಾಡಿ ತೋರಿಸಿದಾಗ ಸಹೋದ್ಯೋಗಿಗಳು ನಕ್ಕರು. ಔಷಧವಿಲ್ಲ, ಕತ್ತಿಯಿಲ್ಲ, ತಲೆ ತಿರುಗಿಸಿದರೆ ತಲೆಸುತ್ತು ಹೋಗುತ್ತದೆಯಂತೆ! ಅವನ ಲೇಖನ ಅಚ್ಚಾಗಲು 1992ರವರೆಗೆ ಕಾಯಬೇಕಾಯಿತು. ಈಗ ಪ್ರಪಂಚದೆಲ್ಲೆಡೆ ಮೊದಲ ಚಿಕಿತ್ಸೆ ಅದೇ.

ಮಾಡುವ ಕ್ರಮ ಹೇಳುತ್ತೇನೆ, ನೋಡಿ ಹೆದರದಿರಲಿ ಎಂದು. ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ತಲೆಯನ್ನು ಕೆಟ್ಟ ಕಿವಿಯ ಕಡೆಗೆ ಅರ್ಧ ತಿರುಗಿಸಿ, ತಟ್ಟನೆ ಮಲಗಿಸುತ್ತೇವೆ. ತಲೆ ಮಂಚದಂಚಿನಿಂದ ತುಸು ಕೆಳಕ್ಕೆ ಜೋತಿರುತ್ತದೆ. ಸುತ್ತು ಬರುತ್ತದೆ, ಬರಲೇಬೇಕು. ಅದು ಇಳಿದ ಮೇಲೆ ತಲೆಯನ್ನು ಇನ್ನೊಂದು ಕಡೆಗೆ ತಿರುಗಿಸಿ ಸ್ವಲ್ಪ ಹೊತ್ತು. ಆಮೇಲೆ ಮೈಯನ್ನೂ ಆ ಮಗ್ಗುಲಿಗೆ ಹೊರಳಿಸಿ, ಮೂಗು ನೆಲ ನೋಡುವಂತೆ ಸ್ವಲ್ಪ ಹೊತ್ತು. ಕೊನೆಗೆ ಎಬ್ಬಿಸಿ ಕೂರಿಸುವುದು. ಐದಾರು ನಿಮಿಷದ ಕೆಲಸ. ಒಂದೆರಡು ಸಲಕ್ಕೇ ಹೆಚ್ಚಿನವರು ಗುಣವಾಗುತ್ತಾರೆ. ಮೊದಲ ಸಲ ಇದನ್ನು ಗೊತ್ತಿದ್ದವರ ಕೈಯಲ್ಲೇ ಮಾಡಿಸಿಕೊಳ್ಳಿ. ಯಾವ ಕಿವಿ, ಯಾವ ನಳಿಕೆ ಎಂದು ತಿಳಿಯದೆ ಮೊಬೈಲಿನ ವಿಡಿಯೊ ನೋಡಿ ತಲೆ ತಿರುಗಿಸಿದರೆ ಹರಳು ಇನ್ನೊಂದು ನಳಿಕೆಗೆ ಹೋಗಿ ಕೂತದ್ದುಂಟು. ಮತ್ತೆ ಬಂದೀತು ಎನ್ನುವುದೂ ನಿಜ. ಬಂದರೆ ಮತ್ತೆ ಮಾಡುವುದು.

ಇಷ್ಟು ಸುಲಭದಲ್ಲಿ ಮುಗಿಯಬೇಕಾದದ್ದಕ್ಕೆ ನಮ್ಮಲ್ಲಿ ತಿಂಗಳುಗಟ್ಟಲೆ ಗುಳಿಗೆ ನಡೆಯುತ್ತದೆ. ಪ್ರೋಕ್ಲೋರ್‌ಪೆರಜೀನ್, ಸಿನ್ನರಿಜೀನ್ ಮುಂತಾದವನ್ನು ಜೋರಾದ ಸುತ್ತು, ವಾಂತಿ ಇದ್ದಾಗ ಎರಡು ಮೂರು ದಿನ ತೆಗೆದುಕೊಳ್ಳುವುದು ಸರಿ. ಹಳೆಯ ಚೀಟಿ ತೋರಿಸಿ ಔಷಧದಂಗಡಿಯಿಂದ ತರುತ್ತ ವರ್ಷಗಟ್ಟಲೆ ನುಂಗುವುದು ಸರಿಯಲ್ಲ. ಇವು ಹರಳನ್ನು ಕದಲಿಸುವುದಿಲ್ಲ, ಮಿದುಳನ್ನು ಮಂಕು ಮಾಡುತ್ತವೆ. ಹಿರಿಯರಲ್ಲಿ ಕೈನಡುಕ, ಮೈ ಬಿಗಿತ, ಕಾಲೆಳೆದು ನಡೆಯುವುದು ಶುರುವಾಗಿ ಪಾರ್ಕಿನ್‌ಸನ್ ಕಾಯಿಲೆಯಂತೆಯೇ ಕಾಣುತ್ತದೆ. ಬೀಳಬಾರದೆಂದು ನುಂಗಿದ ಗುಳಿಗೆಯೇ ಬೀಳಿಸುತ್ತದೆ.

ಕಿವಿಯಿಂದ ಬರುವ ತಲೆಸುತ್ತೆಲ್ಲ ಹರಳಿನದೇ ಅಲ್ಲ. ನೆಗಡಿ ಜ್ವರದಂಥದು ಬಂದುಹೋದ ಮೇಲೆ ಸಮತೋಲದ ನರ ಊದಿಕೊಂಡರೆ ಒಂದೆರಡು ದಿನ ಬಿಡದೆ ಸುತ್ತುತ್ತದೆ, ಹಾಸಿಗೆಯಿಂದ ಏಳಲಾಗುವುದಿಲ್ಲ, ಕೇಳುವುದು ಮಾತ್ರ ಸರಿಯಿರುತ್ತದೆ. ಮೆನಿಯೇ ಹೇಳಿದ ಕಾಯಿಲೆಯಲ್ಲಿ ಕಿವಿ ಕಟ್ಟಿದಂತಾಗಿ, ಮೊರೆದು, ಕೇಳುವುದು ಕುಗ್ಗಿ, ಇಪ್ಪತ್ತು ನಿಮಿಷದಿಂದ ಹಲವು ಗಂಟೆಗಳವರೆಗೆ ಸುತ್ತು ಇರುತ್ತದೆ. ಅಂಥವರಿಗೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಕಡಿಮೆ ಮಾಡಿ ಎನ್ನುವುದು ವಾಡಿಕೆ. ಅದಕ್ಕೆ ಗಟ್ಟಿ ಆಧಾರ ಹೆಚ್ಚಿಲ್ಲ, ಮಾಡಿದರೆ ನಷ್ಟವೂ ಇಲ್ಲ. ಅರೆತಲೆನೋವಿನವರಿಗೆ ನೋವಿಲ್ಲದೆಯೂ ತಲೆಸುತ್ತು ಬರಬಹುದು; ಇದು ಜನ ತಿಳಿದಿರುವುದಕ್ಕಿಂತ ಬಹಳ ಸಾಮಾನ್ಯ. ಇನ್ನು ಕುಕ್ಕರಗಾಲಲ್ಲಿ ಕೂತು ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುತ್ತದಲ್ಲ, ಅದು ಕಿವಿಯದಲ್ಲ. ಅದು ರಕ್ತದೊತ್ತಡ ಕ್ಷಣಕಾಲ ಇಳಿದದ್ದು, ಬಿ.ಪಿ. ಮಾತ್ರೆಯೇ ಹೆಚ್ಚಾಗಿರಬಹುದು, ವೈದ್ಯರಿಗೆ ಹೇಳಿ.

ಸ್ವಲ್ಪ ದನಿ ಏರಿಸಿ ಹೇಳಬೇಕಾದ ಮಾತು ಸೋರುವ ಕಿವಿಯದು. ಮಗು ಹುಟ್ಟಿದಾಗಿನಿಂದ ಕಿವಿ ಸೋರುತ್ತೆ, ದೊಡ್ಡವನಾದ ಮೇಲೆ ಹೋಗುತ್ತೆ ಎಂದು ಬಿಟ್ಟುಬಿಡುವ ಮನೆಗಳು ಇನ್ನೂ ಇವೆ. ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ರಸ, ಹೇರ್‌ಪಿನ್ನು, ಬೆಂಕಿಕಡ್ಡಿ, ಸ್ಕೂಟರಿನ ಕೀಲಿ, ಕಿವಿಗೆ ಹೋಗದ ವಸ್ತುವೇ ಇಲ್ಲ. ಸ್ವಲ್ಪವೇ ಸೋರುತ್ತ ಕೆಟ್ಟ ವಾಸನೆ ಬರುವ ಕಿವಿಯನ್ನು ಕಂಡರೆ ನಮಗೆ ಭಯ. ಒಳಗೆ ಚರ್ಮದ ಪೊರೆ ಗಂಟಾಗಿ ಬೆಳೆದು ಮೂಳೆಯನ್ನು ತಿನ್ನುತ್ತಿರಬಹುದು. ತಿನ್ನುತ್ತ ಸಮತೋಲದ ನಳಿಕೆಯನ್ನು ಮುಟ್ಟಿತೆಂದರೆ, ಕಿವಿಯ ಬಾಗಿಲನ್ನು ಬೆರಳಿಂದ ಒತ್ತಿದರೂ ಸಾಕು, ತಲೆ ಸುತ್ತುತ್ತದೆ. ಪಕ್ಕದಲ್ಲೇ ಮುಖದ ನರವಿದೆ, ಮೇಲೆ ಮಿದುಳಿದೆ. ಸೋರುವ ಕಿವಿಯವರಿಗೆ ತಲೆಸುತ್ತು ಹೊಸದಾಗಿ ಬಂದರೆ ಅದು ತಡಮಾಡುವ ವಿಷಯವಲ್ಲ, ಆಪರೇಶನ್ನೇ ಬೇಕಾಗಬಹುದು.

ಔಷಧದಿಂದಲೂ ಕಿವಿ ಕೆಡುತ್ತದೆ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಬಂದಾಗ ಅದು ಜೀವದಾನವೇ ಆಗಿತ್ತು. ನಮ್ಮ ಹಿಂದಿನ ತಲೆಮಾರಿನವರು ತಿಂಗಳುಗಟ್ಟಲೆ ಆ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದಾರೆ. ಅದೂ, ಇಂದಿಗೂ ಆಸ್ಪತ್ರೆಗಳಲ್ಲಿ ಬಳಸುವ ಜೆಂಟಮೈಸಿನ್ನೂ ಸಮತೋಲದ ರೋಮಕೋಶಗಳನ್ನು ಕೊಲ್ಲಬಲ್ಲವು. ಸತ್ತ ಕೋಶಗಳು ಮನುಷ್ಯರಲ್ಲಿ ಮೊದಲಿನಂತೆ ಬೆಳೆದು ಬರುವುದಿಲ್ಲ. ಹೀಗೆ ಎರಡೂ ಕಿವಿಯ ಸಮತೋಲ ಕಳೆದುಕೊಂಡ ಅಮೆರಿಕದ ವೈದ್ಯನೊಬ್ಬ 1952ರಲ್ಲಿ ತನ್ನ ಅನುಭವವನ್ನು ಹೆಸರಿನ ಮೊದಲಕ್ಷರಗಳನ್ನಷ್ಟೇ ಹಾಕಿ ಪ್ರಕಟಿಸಿದ. ಹಾಸಿಗೆಯಲ್ಲಿ ಮಲಗಿ ಪುಸ್ತಕ ಓದಲು ಅವನಿಗೆ ಆಗುತ್ತಿರಲಿಲ್ಲ. ನಾಡಿ ಬಡಿದಾಗ ತಲೆ ಅಲುಗುವ ಅಷ್ಟು ಸಣ್ಣ ಅಲುಗಾಟಕ್ಕೇ ಅಕ್ಷರಗಳು ಕುಣಿಯುತ್ತಿದ್ದವು. ಮಂಚದ ತಲೆಗಡೆಯ ಎರಡು ಕಂಬಿಗಳ ನಡುವೆ ತಲೆಯನ್ನು ಸಿಕ್ಕಿಸಿಕೊಂಡು ಓದುತ್ತಿದ್ದ. ನಾವು ಗಮನಿಸದೆ ಇರುವ ಕೆಲಸ ಎಂಥದ್ದೆಂದು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ.

ಮನುಷ್ಯ ನೆಟ್ಟಗೆ ನಿಲ್ಲುವುದು ಮೂರರ ಬಲದಿಂದ: ಕಣ್ಣು, ಒಳಗಿವಿ, ಅಂಗಾಲಿನ ಮತ್ತು ಕೀಲುಗಳ ಅರಿವು. ಒಂದು ಕೆಟ್ಟರೆ ಉಳಿದೆರಡು ಸಾವರಿಸುತ್ತವೆ. ಸಮತೋಲದ ಕಿವಿ ಕೆಟ್ಟವರು ಹಗಲಲ್ಲಿ ಸರಾಗವಾಗಿ ಓಡಾಡುತ್ತಾರೆ. ಬಚ್ಚಲಲ್ಲಿ ಸೀಗೆಪುಡಿ ಕಣ್ಣಿಗೆ ಬೀಳದಿರಲೆಂದು ಕಣ್ಣು ಮುಚ್ಚಿದಾಗ, ಕರೆಂಟು ಹೋದಾಗ, ಕತ್ತಲಲ್ಲಿ ಹಿತ್ತಲಿಗೆ ಹೋದಾಗ ತೂರಾಡುತ್ತಾರೆ. ಅದರ ಜೊತೆಗೆ ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದ್ದರೆ, ಕಣ್ಣಿನ ಪೊರೆಯೂ ಬಂದಿದ್ದರೆ, ಮೂರಕ್ಕೆ ಮೂರೂ ಹೋದಂತಾಯಿತು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿಯಿತು ಎಂದು ಕೇಳುವ ಸುದ್ದಿಗಳಲ್ಲಿ ದೂರೆಲ್ಲ ಪಾಚಿ ಹಿಡಿದ ನೆಲದ ಮೇಲೇ ಬೀಳುತ್ತದೆ. ಕಿವಿಯನ್ನೂ ಒಮ್ಮೆ ವಿಚಾರಿಸಬೇಕಿತ್ತು.

ಕೇಳುವ ಶಕ್ತಿಯೊಂದೇ ಕುಂದಿದವರೂ ಹೆಚ್ಚಾಗಿ ಬೀಳುತ್ತಾರೆ. ಅಮೆರಿಕದಲ್ಲಿ 40ರಿಂದ 69 ವಯಸ್ಸಿನ ಎರಡು ಸಾವಿರದಷ್ಟು ಜನರ ಲೆಕ್ಕ ನೋಡಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತುಸುವೇ ಕಿವಿ ಮಂದವಿದ್ದವರು ತಾವು ಬಿದ್ದೆವೆಂದು ಹೇಳುವ ಸಂಭವ ಉಳಿದವರಿಗಿಂತ ಮೂರು ಪಟ್ಟಿನ ಹತ್ತಿರವಿತ್ತು. ಕೇಳಿಸಿಕೊಳ್ಳುವುದಕ್ಕೇ ಮಿದುಳು ಹೆಣಗುತ್ತಿದ್ದರೆ ಹೆಜ್ಜೆಯ ಕಡೆಗಿನ ಗಮನ ಕಡಿಮೆಯಾಗುತ್ತದೆ ಎನ್ನುವುದು ಒಂದು ವಿವರಣೆ. ಹಿಂದಿನಿಂದ ಬರುವ ಸೈಕಲ್ಲಿನ ಸದ್ದು ತಿಳಿಯದು ಎನ್ನುವುದು ಇನ್ನೊಂದು. ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ ಕಾರಣಗಳ ಪಟ್ಟಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಕಿವಿ ಮಂದವನ್ನು ಮುಖ್ಯವಾದವುಗಳ ಸಾಲಿನಲ್ಲಿ ಇಟ್ಟಿದೆ. ಸಮತೋಲದ ನರಗಳನ್ನು ಎರಡೂ ಕಡೆ ಕಳೆದುಕೊಂಡ ಹತ್ತು ಮಂದಿಯನ್ನು ಜರ್ಮನಿಯ ವೈದ್ಯರು 2005ರಲ್ಲಿ ಪರೀಕ್ಷಿಸಿದಾಗ, ದಾರಿ ದಿಕ್ಕುಗಳ ನೆನಪನ್ನು ಇಟ್ಟುಕೊಳ್ಳುವ ಮಿದುಳಿನ ಭಾಗವೇ ಅವರಲ್ಲಿ ಕುಗ್ಗಿತ್ತು. ಸಣ್ಣ ಅಧ್ಯಯನ, ಆದರೂ ಯೋಚನೆಗೆ ಹಚ್ಚುತ್ತದೆ.

ಲೆಕ್ಕಕ್ಕೆ ಸಿಗದ ನಷ್ಟವೊಂದಿದೆ. ಒಮ್ಮೆ ಮನೆಯೆಲ್ಲ ತಿರುಗಿದ್ದನ್ನು ಕಂಡವರು ಮತ್ತೆ ಬಂದರೆ ಎಂದು ಹೆದರಿ ಮದುವೆಮನೆ ಬಿಡುತ್ತಾರೆ, ಸಂತೆ ಬಿಡುತ್ತಾರೆ, ಕೊನೆಗೆ ಬೀದಿಯನ್ನೇ ಬಿಡುತ್ತಾರೆ. ಹೊರಗೆ ನೋಡಿದರೆ ಕಾಯಿಲೆ ಕಾಣುವುದಿಲ್ಲ. “ಏನೂ ಆಗಿಲ್ಲ ಅವಳಿಗೆ, ಎಲ್ಲ ನಾಟಕ” ಎನ್ನುವವರು ಮನೆಯಲ್ಲೇ ಇರುತ್ತಾರೆ. ಕಿವಿ ಸರಿಹೋದ ಮೇಲೂ ನಿಂತಲ್ಲೇ ತೂಗಿದಂತಾಗುವ ಭಾವ ತಿಂಗಳುಗಟ್ಟಲೆ ಉಳಿಯುವುದುಂಟು. ಅದೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆಯಿದೆ.

ಆ ಚಿಕಿತ್ಸೆ ಮುಖ್ಯವಾಗಿ ವ್ಯಾಯಾಮ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು, ತಲೆಸುತ್ತಿನವರು ಹಾಸಿಗೆ ಹಿಡಿದಷ್ಟೂ ಗುಣವಾಗುವುದು ತಡವೆಂದು ಕಂಡುಕೊಂಡರು. ಮೊದಲು ಕಣ್ಣು ಆಡಿಸುವುದು, ಆಮೇಲೆ ತಲೆ, ಆಮೇಲೆ ಬಗ್ಗಿ ನೆಲದಿಂದ ವಸ್ತು ಎತ್ತುವುದು, ಚೆಂಡು ಹಿಡಿಯುವುದು, ಕಣ್ಣು ಮುಚ್ಚಿ ನಡೆಯುವುದು. ತುಸು ಸುತ್ತು ಬರುವಷ್ಟು ಮಾಡಿದರೇ ಮಿದುಳು ಕಲಿಯುವುದು. ಮಿದುಳು ಎಷ್ಟು ಕಲಿಯಬಲ್ಲದು ಎನ್ನುವುದನ್ನು ನೋಡಬೇಕಾದರೆ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಧೀಂಗಿಣ ಹಾಕುವ ಪುಂಡುವೇಷದವರನ್ನು, ಬಡಗಿನಲ್ಲಿ ಮಂಡಿ ಹಾಕಿ ಗಿರ್ರನೆ ತಿರುಗುವವರನ್ನು ನೋಡಿ. ಅಷ್ಟು ಸುತ್ತಿ ನಿಂತು, ಮರುಗಳಿಗೆಗೆ ಭಾಗವತರ ಪದಕ್ಕೆ ಹೆಜ್ಜೆ ಸೇರಿಸುತ್ತಾರೆ. ಲಂಡನ್ನಿನ ಬ್ಯಾಲೆ ನರ್ತಕಿಯರನ್ನು 2013ರಲ್ಲಿ ಪರೀಕ್ಷಿಸಿದವರು ಕಂಡದ್ದು, ಅಭ್ಯಾಸದಿಂದ ಕಿರುಮಿದುಳು ಕಿವಿಯ ಸುದ್ದಿಯನ್ನು ತಗ್ಗಿಸಿಕೊಳ್ಳಲು ಕಲಿಯುತ್ತದೆ ಎಂದು. ನಮ್ಮ ವೇಷಧಾರಿಗಳನ್ನು ಹಾಗೆ ಯಾರಾದರೂ ಪರೀಕ್ಷಿಸಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇದೆ.

ಯಾರಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಿಂದ ಶುರು ಮಾಡಿ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ, ಮಾನಸಗಂಗೋತ್ರಿಯಲ್ಲೇ ಇದೆ. ಹೋಗುವಾಗ ಮೂರು ಪ್ರಶ್ನೆಗೆ ಉತ್ತರ ಬರೆದುಕೊಂಡು ಹೋಗಿ: ಒಂದು ಸಲ ಬಂದರೆ ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ, ಆಗ ಕಿವಿಯಲ್ಲಿ ಏನಾಗುತ್ತದೆ. ಆದರೆ ತಲೆಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಮುಖ ಅಥವಾ ಕೈ ಸೋತರೆ, ಹಿಂದೆಂದೂ ಕಾಣದ ತಲೆನೋವು ಬಂದರೆ, ಹಿಡಿದುಕೊಂಡರೂ ನಿಲ್ಲಲಾಗದಿದ್ದರೆ ಬರೆಯುತ್ತ ಕೂರಬೇಡಿ. ಅದು ಮಿದುಳಿನ ಲಕ್ವವಿರಬಹುದು. ದೊಡ್ಡ ಆಸ್ಪತ್ರೆಗೆ ಆ ಗಳಿಗೆಯಲ್ಲೇ ಹೊರಡಿ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಾದರೂ ಹಾಗೆಯೇ, ನಾಳೆಗೆ ಬಿಡಬಾರದು. ಮೊದಲ ದಿನಗಳಲ್ಲಿ ಔಷಧ ಬಿದ್ದರೆ ಉಳಿಸಿಕೊಳ್ಳುವ ಅವಕಾಶ ಹೆಚ್ಚು.

ಕೊನೆಯದಾಗಿ ಮಲೆನಾಡಿನ, ಕರಾವಳಿಯ ಕೇಳುಗರಿಗೆ ಒಂದು ಮಾತು. ಅಡಿಕೆ ಮರ, ತೆಂಗಿನ ಮರ ಹತ್ತುವವರು, ಬಾವಿಗೆ ಇಳಿಯುವವರು, ಸಾರುವೆ ಮೇಲೆ ನಿಂತು ಗಾರೆ ಹಾಕುವವರು ತಲೆಸುತ್ತನ್ನು ಮೇಸ್ತ್ರಿಗಾಗಲಿ ತೋಟದ ಯಜಮಾನರಿಗಾಗಲಿ ಹೇಳುವುದಿಲ್ಲ, ಹೇಳಿದರೆ ಕೂಲಿ ಹೋಗುತ್ತದೆ. ಮೇಲಕ್ಕೆ ಕತ್ತೆತ್ತಿ ಕೊನೆ ಕೊಯ್ಯುವ ಆ ಭಂಗಿಯಲ್ಲೇ ಹರಳು ಉರುಳುವುದು. ಹತ್ತಿಸುವ ಯಜಮಾನರೇ ಕೊಯ್ಲು ಶುರುವಾಗುವ ಮುಂಚೆ ಕೇಳಿ, ಸುತ್ತು ಬರುತ್ತದೆ ಎಂದವರಿಗೆ ಕಾರಣ ಗೊತ್ತಾಗಿ ಗುಣವಾಗುವ ತನಕ ಅಡಿಕೆ ಸುಲಿಯುವ ಕೆಲಸ ಕೊಡಿ, ಕೂಲಿ ಕಡಿಮೆ ಮಾಡದೆ.